ಪೋಲಿಯೋ ಹೋಯ್ತು, ಪೋಲಿಯೋ ಆದವರು ಇಲ್ಲೇ ಅದಾರ

1/5 👣
ಎಡಗೈ ಕಿರುಬೆರಳಿನ ಉಗುರಿಗೆ ಹಚ್ತಿದ್ದ ಕಪ್ಪು ಮಸಿ ನೆನಪದ ಏನ್ರಿ ದೋಸ್ತರೇ? ಭಾನುವಾರ ಅವ್ವ ಎತ್ಕೊಂಡು ಹೋಗಿ ಎರಡು ಹನಿ ಹಾಕಿಸ್ತಿದ್ಳು. ಆ ಹನಿ ಏನು ಮಾಡ್ತು ಅನ್ನೋದು ನಮಗ ಗೊತ್ತಾಗಲೇ ಇಲ್ಲ, ಯಾಕಂದ್ರ ನಮ್ಮ ಕ್ಲಾಸಿನಾಗ ಪೋಲಿಯೋ ಆದವರು ಒಬ್ಬರೂ ಇಲ್ಲ. ಆದ್ರ ಅಮವಾಸ್ಯಿ ದಿನ ಘತ್ತರಗಿ ಭಾಗ್ಯವಂತಿ ಗುಡಿ ಮುಂದ ನಿಂತು ನೋಡ್ರಿ. ತೊಡಿ ಮ್ಯಾಲ ಕೈ ಒತ್ತಿ ಒಂದೊಂದೇ ಹೆಜ್ಜಿ ಇಡೋ, ಐವತ್ತು ದಾಟಿದ ಕಾಕಾಗೋಳು ಕಾಣ್ತಾರ. ಇವತ್ತಿನ ಇತಿಹಾಸ ಅವರದು.

2/5 🏥
1950ರ ದಶಕದ ಶುರುವಿನಲ್ಲಿ ಮುಂಬೈಯಲ್ಲಿ ಪೋಲಿಯೋ ಹಬ್ಬಿತು. ಆಗ ಭೀಮಾ ಹೊಳಿಯ ಈ ದಂಡಿ ಹೈದರಾಬಾದ್ ರಾಜ್ಯ, ಆ ದಂಡಿ ಬಾಂಬೆ ರಾಜ್ಯ. ಮಕ್ಕಳ ಜೀವವೇನೋ ಉಳಿತು, ಕಾಲು ಉಳಿಸೋರು ಯಾರು? 1953ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿ ಶಾಲೆ ಶುರುವಾಯ್ತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ. ಈಗ ಫಿಸಿಯೋ ಅಂದ್ರ ಕ್ರಿಕೆಟ್ ಟೀಮ್ ನೆನಪಾಗ್ತದ. ಈ ವಿದ್ಯೆ ನಮ್ಮ ದೇಶದಾಗ ಬೇರು ಬಿಟ್ಟಿದ್ದು ಪೋಲಿಯೋ ಮಕ್ಕಳ ಸಲುವಾಗಿ.

3/5 🔥
ಅದಕ್ಕೂ ಮೊದಲು ಡಾಕ್ಟರು ಕಾಲು ಅಲುಗಾಡಬಾರದು ಅಂತ ಪಟ್ಟಿ ಕಟ್ಟಿ ಮಲಗಿಸ್ತಿದ್ದರು. ಎಲಿಜಬೆತ್ ಕೆನ್ನಿ ಅನ್ನೋ ಆಸ್ಟ್ರೇಲಿಯಾದ ನರ್ಸ್ ಒಪ್ಪಲಿಲ್ಲ. ಬಿಸಿನೀರಾಗ ಅದ್ದಿ ಹಿಂಡಿದ ಉಣ್ಣೆ ಬಟ್ಟಿಯಿಂದ ಕಾವು ಕೊಟ್ಟು, ಮೆಲ್ಲಕ ಕಾಲು ಆಡಿಸಿದರು. ಡಾಕ್ಟರು ನಕ್ಕರು. 1940ರಲ್ಲಿ ಅವರು ಅಮೆರಿಕಕ್ಕೆ ಹೋದ ಮ್ಯಾಲ ಅದೇ ಪದ್ಧತಿ ಹಬ್ಬಿತು. ನಮ್ಮ ರಾಜ್ಯದಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿ ಕಟ್ಟಿದರು. ಅಲ್ಲಿ ಥೆರಪಿ ಜೊತೆ ಓದು, ಕೈಕೆಲಸ, ತೋಟಗಾರಿಕೆ ತರಬೇತಿನೂ ಬಂತು. ಕಾಲಿಗೆ ಬಲ ಬಂದ್ರ ಸಾಲದು, ಮನುಷ್ಯ ದುಡಿದು ತಿನ್ನಬೇಕಲ್ಲ.

4/5 📉
ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿ 13ರದು. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಬಂತು. ಕಥಿ ಮುಗೀತು ಅಂದ್ಕೊಂಡ್ವಿ.

ನಮ್ಮ ಓಣಿ ಕಾಕಾ ಒಬ್ರು ಹೋದ ವರ್ಷದಿಂದ ಲಗೂ ದಣೀತಾರ. "ದಿನಾ ನಡೀರಿ ಕಾಕಾ, ಕುಂತ್ರ ಕಾಲು ಇನ್ನಾ ಹೋಗ್ತಾವ" ಅಂದವ ನಾನೇ. ನಂದು ತಪ್ಪಿತ್ತು. ಪೋಲಿಯೋ ಬೆನ್ನುಹುರಿಯ ನರಕೋಶಗಳನ್ನ ಕೊಲ್ತದ. ಉಳಿದ ಕೋಶಗಳು ಸತ್ತವುಗಳ ಕೆಲಸಾನೂ ಹೊತ್ಕೋತಾವ. ಅಕೌಂಟ್ಸ್ ಭಾಷೆಯಾಗ ಹೇಳಬೇಕಂದ್ರ, ಡಬಲ್ ಶಿಫ್ಟ್ ಓಡಿದ ಮಷೀನಿಗೆ ಸವಕಳಿ ಜಾಸ್ತಿ. ಹಂಗಾಗಿ ಹತ್ತಾರು ವರ್ಷ ಆದ ಮ್ಯಾಲ ಹೊಸದಾಗಿ ಸೋಲು, ನೋವು, ದಣಿವು ಶುರುವಾಗಬಹುದು. ಅದಕ್ಕ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂತಾರ. ಅಂಟುರೋಗ ಅಲ್ಲ, ಸೋಮಾರಿತನಾನೂ ಅಲ್ಲ. ದಣಿಯೋವರೆಗೂ ಮಾಡೋ ವ್ಯಾಯಾಮ ಇಲ್ಲಿ ಕೆಡುಕೇ ಮಾಡ್ತದ.

5/5 🤝
ಮತ್ತ ಏನು ಬೇಕು? ಹಗುರ ವ್ಯಾಯಾಮ, ನಡುನಡುವೆ ವಿಶ್ರಾಂತಿ, ಈಗಿನ ಕಾಲಿಗೆ ಹೊಂದೋ ಕ್ಯಾಲಿಪರ್ರು, ಕೋಲು. ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಹೇಳೋಕೆ ಫಿಸಿಯೋನೇ ಬೇಕು. ದಣಿದ ಕಾಲಿನವರಿಗೆ ಕಲಬುರಗಿ ಬಸ್ ಹತ್ತಿ ಇಳಿಯೋದೇ ಒಂದು ದಿನದ ದುಡಿಮೆ. ಯಾರ ಸಲುವಾಗಿ ಈ ವಿದ್ಯೆ ನಮ್ಮಲ್ಲಿ ಬೆಳೀತೋ, ಅವರ ಮನಿ ಬಾಗಿಲಿಗೇ ಅದು ಇನ್ನಾ ಮುಟ್ಟಿಲ್ಲ.

ನಿಮ್ಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ನಾಳೆ ಕೇಳ್ರಿ. ಕಾಕಾ ದಣಿದು ಕುಂತ್ರ "ನಡೀರಿ" ಅನಬ್ಯಾಡ್ರಿ, ಜೊತಿಗೆ ಕುಂಡ್ರಿ. ನಾನೂ ಈಗ ಹಂಗೇ ಕುಂಡ್ರತೀನಿ.

ಸೇವ್ ಮಾಡ್ರಿ, ಮನಿಯೊಳಗ ಓದಿ ಹೇಳ್ರಿ.
#ಘತ್ತರಗಿ #ಅಫಜಲಪುರ #ನಮ್ಮಕಲಬುರಗಿ #ಪೋಲಿಯೋಇತಿಹಾಸ