ಮದರ್‌ಬೋರ್ಡಿನ ಹೊಂದಾಣಿಕೆ: ಒಂದು ಚಾರಿತ್ರಿಕ ವಿವೇಚನೆ

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ ರಾಜೇಶ್ವರವು ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. 1956ರ ನವೆಂಬರ್ 1ರಂದು ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತಾದರೂ ಊರಿಗೆ ಹತ್ತಿರದ ಮಹಾನಗರ ಇಂದಿಗೂ ಹೈದರಾಬಾದೇ. ಇಲ್ಲಿನ ಮನೆಯಲ್ಲೋ ಶಾಲೆಯಲ್ಲೋ ಇರುವ ಡೆಸ್ಕ್‌ಟಾಪ್ ಗಣಕದ ಮದರ್‌ಬೋರ್ಡು ಕೆಟ್ಟಿತೆನ್ನೋಣ. ಬದಲಿ ಬೋರ್ಡನ್ನು ಹುಮನಾಬಾದ್, ಬಸವಕಲ್ಯಾಣಗಳಲ್ಲಿ ವಿಚಾರಿಸಿ, ದೊರೆಯದಿದ್ದರೆ ಹೈದರಾಬಾದಿನಿಂದ ತರಬೇಕು. ತಂದದ್ದು ಹೊಂದದಿದ್ದರೆ ಹಣವೂ ಪ್ರಯಾಣವೂ ವ್ಯರ್ಥ. ಕಲ್ಯಾಣದ ಪರಿಸರದ ಶಾಸನಗಳನ್ನು ಅಭ್ಯಸಿಸುವವರು ಲಿಪಿಯ ರೂಪದಿಂದ ಕಾಲವನ್ನು ನಿರ್ಣಯಿಸುವರಷ್ಟೆ. ಗಣಕದ ಅಂಗಗಳ ಕಾಲವನ್ನೂ ಹಾಗೆಯೇ ಮೊದಲು ನಿರ್ಣಯಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹೊಂದಾಣಿಕೆಯ ಇತಿಹಾಸವು 1981ರಲ್ಲಿ ಐಬಿಎಂ ಸಂಸ್ಥೆ ಹೊರತಂದ ವೈಯಕ್ತಿಕ ಗಣಕದಿಂದ ಆರಂಭವಾಗುತ್ತದೆ. ಆ ಸಂಸ್ಥೆಯು ಯಂತ್ರದ ವಿದ್ಯುನ್ಮಂಡಲಗಳ ವಿವರವನ್ನು ಕೈಪಿಡಿಯಲ್ಲಿ ಪ್ರಕಟಿಸಿತು. ಇತರರೂ ಅದೇ ಅಳತೆಗೆ ಅಂಗಗಳನ್ನು ತಯಾರಿಸತೊಡಗಿದರು. 1984ರ 'ಎಟಿ' ಮಾದರಿಯಲ್ಲಿ ವಿದ್ಯುತ್ತನ್ನು ಬೋರ್ಡಿಗೆ ಒಯ್ಯಲು ಎರಡು ಪ್ರತ್ಯೇಕ ಕನೆಕ್ಟರುಗಳಿದ್ದುವು. ಅವನ್ನು ಅದಲುಬದಲಾಗಿ ಸಿಕ್ಕಿಸಿದರೆ ಬೋರ್ಡು ಸುಟ್ಟುಹೋಗುವ ಸಂಭವವಿತ್ತು. 1995ರಲ್ಲಿ ಇಂಟೆಲ್ ಪ್ರಕಟಿಸಿದ 'ಎಟಿಎಕ್ಸ್' ಮಾದರಿಯು ಒಂದೇ ಕನೆಕ್ಟರನ್ನು ವಿಧಿಸಿ ಈ ದೋಷವನ್ನು ನಿವಾರಿಸಿತು. ಅದರ ಅಳತೆ 305 × 244 ಮಿ.ಮೀ.; 1997ರ 'ಮೈಕ್ರೋ ಎಟಿಎಕ್ಸ್' ಮಾದರಿಯದು ಹೆಚ್ಚೆಂದರೆ 244 × 244 ಮಿ.ಮೀ. ತಿರುಪಿನ ರಂಧ್ರಗಳ ಸ್ಥಾನ ಪರಸ್ಪರ ಹೊಂದುವುದರಿಂದ ದೊಡ್ಡ ಪೆಟ್ಟಿಗೆಯಲ್ಲಿ ಚಿಕ್ಕ ಬೋರ್ಡು ಕೂರುತ್ತದೆ. ಈ ಬಾಹ್ಯ ಅಳತೆಗಳು ಇಂದಿಗೂ ಬಳಕೆಯಲ್ಲಿವೆ.

ಬಾಹ್ಯರೂಪದ ಈ ಸ್ಥಿರತೆಯೇ ಕೊಳ್ಳುವವರನ್ನು ಭ್ರಮೆಗೆ ಒಳಪಡಿಸುತ್ತದೆ. ಒಳಗಿನ ಪ್ರೊಸೆಸರ್ ಸಾಕೆಟ್ಟು ಹಲವು ಬಾರಿ ಬದಲಾಗಿದೆ. ಇಂಟೆಲ್‌ನ ಸಾಕೆಟ್ಟುಗಳಿಗೆ ಅವುಗಳ ಸಂಪರ್ಕಬಿಂದುಗಳ ಸಂಖ್ಯೆಯೇ ಹೆಸರು: 2004ರಲ್ಲಿ 775, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151, 2020ರಲ್ಲಿ 1200, 2021ರಲ್ಲಿ 1700. ಸಂಖ್ಯೆಯೊಂದೇ ಪ್ರಮಾಣವೆಂದು ನಂಬುವಂತೆಯೂ ಇಲ್ಲ. 2017ರಲ್ಲಿ ಬಂದ ಎಂಟನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಸಂಖ್ಯೆಯೂ 1151. ಆದರೂ 2015ರ 1151 ಬೋರ್ಡುಗಳು ಅವಕ್ಕೆ ಸಲ್ಲುವುದಿಲ್ಲವೆಂದು ಇಂಟೆಲ್ ತಿಳಿಸಿತು. ಇದಕ್ಕೆ ಪ್ರತಿಯಾಗಿ ಎಎಂಡಿ ಸಂಸ್ಥೆಯು ತನ್ನ 'ಎಎಂ4' ಸಾಕೆಟ್ಟನ್ನು ಹಲವು ಪೀಳಿಗೆಗಳವರೆಗೆ ಉಳಿಸಿಕೊಂಡಿತು. ಅಲ್ಲಿಯೂ ಹಳೆಯ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸಬೇಕಾದರೆ ತಯಾರಕರು ನೀಡಿದ ಹೊಸ ಬಯಾಸ್ ಅವಶ್ಯಕ.

ಮೆಮೊರಿಯ ವಿಷಯವೂ ಇಂಥದೇ. ಡಿಡಿಆರ್3ಕ್ಕೆ 240 ಪಿನ್ನುಗಳು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಪಿನ್ನುಗಳ ಸಂಖ್ಯೆ ಸಮವಾದರೂ ಇವೆರಡರ ಕಚ್ಚಿನ ಸ್ಥಾನ ಬೇರೆಯಾದುದರಿಂದ ಒಂದು ಇನ್ನೊಂದರ ಸ್ಥಳದಲ್ಲಿ ಕೂರದು. 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ.

ಹಳೆಯ ಗಣಕದಲ್ಲಿ ಅಧ್ಯಾಪಕರ ಕನ್ನಡ ಬರಹಗಳೋ ಶಾಲೆಯ ದಾಖಲೆಗಳೋ ಇರುವುದುಂಟು. ಅವು ಇರುವುದು ಹಾರ್ಡ್ ಡಿಸ್ಕಿನಲ್ಲಿ. ಬೋರ್ಡು ಕೆಟ್ಟಮಾತ್ರಕ್ಕೆ ಅವು ನಾಶವಾಗುವುದಿಲ್ಲ. ಆದರೆ ಅಗಲವಾದ ಪಟ್ಟಿಕೇಬಲಿನ 'ಐಡಿಇ' ಡಿಸ್ಕನ್ನು ಸಿಕ್ಕಿಸುವ ಸ್ಥಳವು ಈಗಿನ ಬೋರ್ಡುಗಳಲ್ಲಿ ಇಲ್ಲ. 'ಸಾಟಾ' ಅದರ ಸ್ಥಾನವನ್ನು ಆಕ್ರಮಿಸಿದೆ. ಆದುದರಿಂದ ಯಂತ್ರವನ್ನು ಕೈಬಿಡುವ ಮೊದಲು ಅಡಾಪ್ಟರಿನ ಮೂಲಕ ಬರಹಗಳನ್ನು ಪ್ರತಿಮಾಡಿಟ್ಟುಕೊಳ್ಳುವುದು ಕರ್ತವ್ಯ.

ಮೇಲ್ಕಂಡ ವಿವೇಚನೆಯಿಂದ ಆಯ್ಕೆಯ ಕ್ರಮವು ಸ್ಪಷ್ಟವಾಗುತ್ತದೆ. ಹಳೆಯ ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನೂ ಪ್ರೊಸೆಸರಿನ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಕೊಳ್ಳಲಿರುವ ಬೋರ್ಡಿನ ತಯಾರಕರು ಪ್ರಕಟಿಸಿದ ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರಿದೆಯೇ ಎಂದು ನೋಡಬೇಕು. ಅನಂತರ ಮೆಮೊರಿ, ಪೆಟ್ಟಿಗೆಯ ಅಳತೆ, ವಿದ್ಯುತ್ ಕನೆಕ್ಟರು, ಡಿಸ್ಕು, ಈ ಕ್ರಮದಲ್ಲಿ ಪರೀಕ್ಷಿಸಬೇಕು. ಕೆಲವು ಸಿದ್ಧ ಗಣಕಗಳ ಪೆಟ್ಟಿಗೆಯೂ ವಿದ್ಯುತ್ ಕನೆಕ್ಟರೂ ಸಾಮಾನ್ಯ ಮಾದರಿಯವಲ್ಲ. ಅವುಗಳಲ್ಲಿ ಅದೇ ಮಾದರಿಯ ಬೋರ್ಡೇ ಕ್ಷೇಮ. ಸಾಕೆಟ್ಟಿನ ಕಾಲವು ಮುಗಿದಿದ್ದರೆ ಉಪಯೋಗಿಸಿದ ಬೋರ್ಡನ್ನು ಹುಡುಕಬೇಕು, ಇಲ್ಲವೆ ಬೋರ್ಡು, ಪ್ರೊಸೆಸರು, ಮೆಮೊರಿ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಇವುಗಳಲ್ಲಿ ಯಾವುದು ಯುಕ್ತವೆಂಬುದನ್ನು ರಾಜೇಶ್ವರದಲ್ಲಿ ಬಸ್ಸು ಹತ್ತುವ ಮೊದಲೇ ನಿರ್ಧರಿಸಿಕೊಳ್ಳುವುದು ಲೇಸು.