ಸೇಂಟ್ ಮೇರೀಸ್ ದ್ವೀಪಗಳ ಪೂರ್ವಕಥನ

ಮಲ್ಪೆಯ ಕರಾವಳಿಗೆ ಪಶ್ಚಿಮದಲ್ಲಿ, ಅರಬ್ಬೀ ಸಮುದ್ರದ ತರಂಗಗಳ ನಡುವೆ ತಲೆಯೆತ್ತಿ ನಿಂತಿರುವ ಸೇಂಟ್ ಮೇರೀಸ್ ದ್ವೀಪಗಳು, 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಮೇರಿಮಾತೆಯ ಹೆಸರನ್ನಿತ್ತನೆಂಬ ಐತಿಹ್ಯದಿಂದ ಪ್ರಸಿದ್ಧವಾಗಿದ್ದರೂ, ಅವುಗಳ ಚರಿತ್ರೆಯು ಮಾನವಕುಲದ ಚರಿತ್ರೆಗಿಂತಲೂ ಅತ್ಯಂತ ಪ್ರಾಚೀನವಾದುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಪರಸ್ಪರ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿ ಹರಿದ ಲಾವಾರಸವು ತಣಿಯುತ್ತ ಸಂಕೋಚಗೊಂಡು ಬಿರಿದುದರಿಂದ, ಈ ದ್ವೀಪಗಳ ಬಹುಭುಜಾಕೃತಿಯ ಶಿಲಾಸ್ತಂಭಗಳು ರೂಪುಗೊಂಡವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇವುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗೌರವಿಸಿದೆ. ಮಲ್ಪೆಯಿಂದ ದೋಣಿಯೇರಿ ವಿಹಾರಾರ್ಥವಾಗಿ ಬರುವವರು, ಮಳೆಗಾಲದಲ್ಲಿ ಕಡಲು ಉಗ್ರವಾದಾಗ ಸಂಚಾರ ನಿಲ್ಲುವುದೆಂಬುದನ್ನೂ, ನಿರ್ಜನ ದ್ವೀಪದಿಂದ ಅಂದೇ ಹಿಂದಿರುಗಬೇಕೆಂಬುದನ್ನೂ ತಿಳಿದಿರಬೇಕು. ಅದಕ್ಕೂ ಮಿಗಿಲಾಗಿ, ಯುಗಾಂತರಗಳನ್ನು ಕಂಡ ಈ ಶಿಲೆಗಳಿಗೆ ಯಾವ ಕ್ಷತಿಯೂ ಆಗದಂತೆ ನಡೆದುಕೊಳ್ಳುವುದು ಪ್ರತಿಯೊಬ್ಬ ಪ್ರವಾಸಿಗನ ಕರ್ತವ್ಯವಾಗಿದೆ.