ನ್ಯಾಯಬೆಲೆ ಅಂಗಡಿ ನಡೆದು ಬಂದ ದಾರಿ ಮತ್ತು ನಮ್ಮ ಹೊಣೆ



ನಮ್ಮ ಸಾಲಿಗ್ರಾಮ, ಕೃಷ್ಣರಾಜನಗರದ ಸೀಮೆ ಭತ್ತದ ಕಣಜ ಅಂತ ಹೆಸರಾದದ್ದು. ಆದರೂ ಗದ್ದೆ ಇಲ್ಲದ ಎಷ್ಟೋ ಕೂಲಿಕಾರರ ಮನೆಯಲ್ಲಿ ಬೇಯುವುದು ಸೊಸೈಟಿ ಅಕ್ಕಿಯೇ. ಆದ್ದರಿಂದ ಸಂಘದ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ನ್ಯಾಯಬೆಲೆ ಅಂಗಡಿಯ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಬರೆದಿದ್ದೇನೆ.

ಹಿರಿಯರು ಈಗಲೂ 'ಕಂಟ್ರೋಲ್ ಅಕ್ಕಿ' ಅನ್ನುತ್ತಾರೆ. ಆ ಮಾತು ಎರಡನೇ ಮಹಾಯುದ್ಧದ ಕಾಲದ್ದು. 1947ರ ಕೊನೆಯಲ್ಲಿ ಗಾಂಧೀಜಿಯವರ ಒತ್ತಾಯದ ಮೇಲೆ ಕಂಟ್ರೋಲ್ ಸಡಿಲಿಸಿದರು. ಬೆಲೆ ಏರಿದ್ದರಿಂದ 1948ರಲ್ಲಿ ಮತ್ತೆ ತಂದರು. 1955ರಲ್ಲಿ ಅಗತ್ಯ ವಸ್ತುಗಳ ಕಾಯಿದೆ ಬಂತು. 1965ರಲ್ಲಿ ಭಾರತ ಆಹಾರ ನಿಗಮ ಆಯಿತು. 1997ರಲ್ಲಿ ಬಡತನ ರೇಖೆ ನೋಡಿ ಪಡಿತರ ಕೊಡುವ ಪದ್ಧತಿ ಬಂತು. 2013ರಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ, ದೇಶಕ್ಕೆ ಆಹಾರ ಭದ್ರತಾ ಕಾಯಿದೆ ಬಂದವು.

1955ರ ಕಾಯಿದೆ ಸಣ್ಣದಲ್ಲ. ಪಡಿತರವನ್ನು ಕಾಳಸಂತೆಗೆ ಸಾಗಿಸಿದರೆ 3 ತಿಂಗಳಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಮಾಲು ಮುಟ್ಟುಗೋಲು ಹಾಕುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. 1980ರ ಇನ್ನೊಂದು ಕಾಯಿದೆಯಂತೆ ಕಾಳಸಂತೆಕೋರರನ್ನು ವಿಚಾರಣೆಗೆ ಮೊದಲೇ 6 ತಿಂಗಳವರೆಗೆ ಬಂಧನದಲ್ಲಿ ಇಡಬಹುದು. ಅಂಗಡಿ ಸಂಘದ್ದಾದರೆ ಮಾರಾಟ ಗುಮಾಸ್ತರೊಬ್ಬರೇ ಹೊಣೆಯಲ್ಲ. ನಿರ್ದೇಶಕರ ಒಪ್ಪಿಗೆಯಿಂದಲೋ ಉದಾಸೀನದಿಂದಲೋ ತಪ್ಪು ನಡೆದರೆ ಅವರೂ ಅಪರಾಧಿಗಳೇ.

ಇದು ನನಗೆ ಅನುಭವದಿಂದ ತಿಳಿಯಿತು. ನಾನು ನಿರ್ದೇಶಕನಾದ ಹೊಸತರಲ್ಲಿ ತಪಾಸಣೆ ಬಂತು. ದಾಸ್ತಾನು ಪುಸ್ತಕಕ್ಕೆ ತಾಳೆ ನೋಡಿದರೆ ಮೂರು ಮೂಟೆ ಅಕ್ಕಿ ಕಡಿಮೆ! "ಮದುವೆ ಮನೆಗೆ ಕೈಗಡ ಕೊಟ್ಟಿದ್ದೆ ಸಾರ್, ನಾಳೆ ತಂದು ಹಾಕ್ತಾರೆ" ಅಂದರು ಗುಮಾಸ್ತರು. ಉಪಕಾರ ಅಂತಲೇ ಕೊಟ್ಟದ್ದು. ಆದರೆ ಅದು ಬೇರೆ ಬಡವರ ಪಾಲು ಅಲ್ಲವೇ? ಪುಸ್ತಕದಲ್ಲಿ ನನ್ನ ಸಹಿಯೂ ಇತ್ತು, ನೋಡದೆ ಹಾಕಿದ್ದೆ. ನೋಟಿಸು ಬಂದದ್ದು ಸಂಘದ ಹೆಸರಿಗೆ. ಅಂಗಡಿ ಅಮಾನತಿನಲ್ಲಿದ್ದಷ್ಟು ದಿನ ನಮ್ಮ ಕಾರ್ಡುದಾರರು ಚೀಲ ಹೊತ್ತು ಪಕ್ಕದ ಊರಿಗೆ ಅಲೆದರು. ತಪ್ಪು ನಮ್ಮದು, ಶಿಕ್ಷೆ ಅವರಿಗೆ. ಅವತ್ತಿನಿಂದ ಮೂಟೆ ಎಣಿಸದೆ ನಾನು ಸಹಿ ಹಾಕಿಲ್ಲ.

ಲೋಕಾಯುಕ್ತದ ಪರವಾಗಿ ರಾಜ್ಯದ ಪಡಿತರ ಅಕ್ರಮಗಳ ತನಿಖೆ ಮಾಡಿದ ಡಾ. ಆರ್. ಬಾಲಸುಬ್ರಹ್ಮಣ್ಯಂ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸೇವೆ ಮಾಡಿದವರು ಎಂಬುದು ನಮಗೆ ಹೆಮ್ಮೆ. ಈಗ ಹೆಬ್ಬೆಟ್ಟು ಒತ್ತುವ ಯಂತ್ರ ಬಂದಿದೆ. ಹೆಬ್ಬೆಟ್ಟು ಒತ್ತಿಸಿಕೊಂಡು ತೂಕದಲ್ಲಿ ಹಿಡಿದರೆ ಯಂತ್ರಕ್ಕೆ ಏನು ಗೊತ್ತಾಗುತ್ತದೆ?

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ. ತೂಕವನ್ನು ಕಣ್ಣಾರೆ ನೋಡಿ, ರಸೀದಿ ಕೇಳಿ ಪಡೆಯಿರಿ. ಸರ್ಕಾರ ಕೊಟ್ಟ ಅಕ್ಕಿಯನ್ನು ದಲ್ಲಾಳಿಗೆ ಮಾರಬೇಡಿ, ಕಾರ್ಡಿಗೇ ಕುತ್ತು. ಮಹಾಸಭೆಯಲ್ಲಿ ದಾಸ್ತಾನಿನ ಲೆಕ್ಕ ಕೇಳಿ. ಕೇಳಿದರೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ನೀವು ಕೇಳುತ್ತಿದ್ದರೆ ನಾವೂ ಎಚ್ಚರವಾಗಿರುತ್ತೇವೆ, ಸಂಘವೂ ಉಳಿಯುತ್ತದೆ.